ಶಾಲೆಯೊಳಗಿನ ನಂಬಿಕೆ: ಷಿಕಾಗೊ ಅಧ್ಯಯನ ಮತ್ತು ತೆಂಗಿನ ಸೀಮೆಯ ಶಾಲೆಗಳು

ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 2002ರಲ್ಲಿ ಪ್ರಕಟಿಸಿದ 'ಟ್ರಸ್ಟ್ ಇನ್ ಸ್ಕೂಲ್ಸ್' ಗ್ರಂಥವು, ಶಾಲೆಯೊಳಗಿನವರು ಒಬ್ಬರ ಮೇಲೊಬ್ಬರು ಇಟ್ಟಿರುವ ನಂಬಿಕೆ ಕಲಿಕೆಯ ಏಳುಬೀಳುಗಳನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆಂಬುದನ್ನು ಷಿಕಾಗೊ ನಗರದ ಪ್ರಾಥಮಿಕ ಶಾಲೆಗಳ ಆಧಾರದ ಮೇಲೆ ವಿವೇಚಿಸುತ್ತದೆ. ಎದುರಿಗಿರುವವರು ತಮ್ಮ ಹೊಣೆಯನ್ನು ತಪ್ಪದೆ ನಿರ್ವಹಿಸುವರೆಂದು ದಿನನಿತ್ಯದ ಒಡನಾಟದಿಂದ ಮೂಡುವ ಭರವಸೆಯನ್ನೇ ಲೇಖಕರು ನಂಬಿಕೆ ಎಂದು ಕರೆದು, ಗೌರವ, ವೃತ್ತಿಸಾಮರ್ಥ್ಯ, ಪರಸ್ಪರ ಕಾಳಜಿ, ನುಡಿದಂತೆ ನಡೆಯುವ ಪ್ರಾಮಾಣಿಕತೆಗಳನ್ನು ಅದರ ನಾಲ್ಕು ಆಧಾರಗಳೆಂದು ಗುರುತಿಸುತ್ತಾರೆ. ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳು ಸುಧಾರಿಸುವ ಸಾಧ್ಯತೆ ಎರಡಕ್ಕೆ ಒಂದರಷ್ಟಿದ್ದರೆ, ಅದು ದುರ್ಬಲವಾಗಿದ್ದಲ್ಲಿ ಏಳಕ್ಕೆ ಒಂದರಷ್ಟು ಮಾತ್ರ ಇತ್ತೆಂಬುದು ಅವರ ಮುಖ್ಯ ನಿರ್ಣಯ.

ತೆಂಗಿನ ಸೀಮೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಈ ವಿಚಾರವನ್ನು ಅನ್ವಯಿಸಿದಾಗ ಗ್ರಂಥದ ಬಲ ಮತ್ತು ಮಿತಿ ಎರಡೂ ಕಾಣುತ್ತವೆ. 1988ರ ಶಾಸನವೊಂದು ಷಿಕಾಗೊದ ಸ್ಥಳೀಯ ಶಾಲಾ ಮಂಡಳಿಗೆ ಪ್ರಾಂಶುಪಾಲರನ್ನು ಆರಿಸುವ ಅಧಿಕಾರ ಕೊಟ್ಟಿತ್ತು. ಕರ್ನಾಟಕದಲ್ಲಿ 2001ರಿಂದ ರೂಪುಗೊಂಡ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂಥ ಅಧಿಕಾರವಿಲ್ಲ. ಮುಖ್ಯಶಿಕ್ಷಕರಿಗೂ ಸಹಶಿಕ್ಷಕರನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಇಲಾಖೆಯ ಕೌನ್ಸೆಲಿಂಗ್‌ನಲ್ಲಿ ಸ್ಥಳ ಆಯ್ದುಕೊಂಡು ಬಂದ ಅಪರಿಚಿತರ ನಡುವೆಯೇ ಇಲ್ಲಿ ನಂಬಿಕೆ ಹುಟ್ಟಬೇಕು, ಮತ್ತು ಅಟ್ಟದ ಮೇಲಿನ ಕಾಯಿ ಉಂಡೆಕೊಬ್ಬರಿಯಾಗುವುದಕ್ಕೆ ವರ್ಷದಷ್ಟು ಕಾಲ ಹಿಡಿಯುವಂತೆ ಅದಕ್ಕೂ ಕಾಲ ಬೇಕು.

ಹಟ್ಟಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಧಿಕಾರದ ಈ ಕೊರತೆ ಇನ್ನೂ ತೀವ್ರ. ಇಬ್ಬರೇ ಶಿಕ್ಷಕರಿರುವಲ್ಲಿ ಹಿರಿಯರು ಪ್ರಭಾರಿ ಮುಖ್ಯಶಿಕ್ಷಕರಾಗುತ್ತಾರೆ. ದಾಖಲೆ, ಬಿಸಿಯೂಟ, ಸಭೆಗಳ ಹೊಣೆಯೆಲ್ಲ ಅವರದು, ಅದಕ್ಕೆ ತಕ್ಕ ಅಧಿಕಾರ ಮಾತ್ರ ಇಲ್ಲ. ಅವರು ತಾಲ್ಲೂಕು ಕಚೇರಿಗೆ ಹೋದ ದಿನ ಒಂದರಿಂದ ಮೂರರ ನಲಿಕಲಿ ಗುಂಪುಗಳನ್ನೂ ನಾಲ್ಕು-ಐದನೆಯ ತರಗತಿಗಳನ್ನೂ ಇನ್ನೊಬ್ಬರೇ ಹಿಡಿಯಬೇಕು. ಮರಳಿ ಬಂದವರು ಸಭೆಯ ವಿಷಯವನ್ನು ಹಂಚಿಕೊಂಡು, ಮರುದಿನ ಸಹೋದ್ಯೋಗಿಯ ತರಗತಿಯನ್ನು ಸ್ವಲ್ಪ ಹೊತ್ತು ತಾವೇ ನೋಡಿಕೊಂಡರೆ ಭರವಸೆ ಬೆಳೆಯುತ್ತದೆ. ಮೌನವಾಗಿ ಕಡತ ಮುಚ್ಚಿಟ್ಟರೆ ಅನುಮಾನ ಬೆಳೆಯುತ್ತದೆ. ಮಕ್ಕಳಿಗೆ ಕೊಡುವ ಮೊಟ್ಟೆಯ ಬೆಲೆ ಸರ್ಕಾರದ ನಿಗದಿತ ದರವನ್ನು ಮೀರಿದ ವಾರ ಕೈಯಿಂದ ಹಣ ಹಾಕಿದ ಪ್ರಭಾರಿಯ ಲೆಕ್ಕವನ್ನು ಸಹಶಿಕ್ಷಕರೂ ನೋಡಿದ್ದರೆ, ಎಸ್‌ಡಿಎಂಸಿ ಸಭೆಯಲ್ಲಿ ಪ್ರಶ್ನೆ ಎದ್ದಾಗ ಉತ್ತರಿಸುವವರು ಇಬ್ಬರಾಗುತ್ತಾರೆ. ಪ್ರಾಮಾಣಿಕತೆಯೆಂದು ಗ್ರಂಥ ಹೇಳುವುದು ಇಂಥ ತೆರೆದ ಲೆಕ್ಕದಲ್ಲಿಯೇ ಪ್ರತ್ಯಕ್ಷವಾಗುತ್ತದೆ.

ಆದರೆ ಗ್ರಂಥದ ಗಮನ ಹೆಚ್ಚಾಗಿ ಶಾಲೆಯ ಆವರಣದೊಳಗೇ ನಿಲ್ಲುವುದರಿಂದ, ಮೇಲಿನ ಕಚೇರಿ ಶಾಲೆಯನ್ನು ನಂಬದಿದ್ದಾಗ ಆ ಅಪನಂಬಿಕೆ ಕೆಳಕ್ಕಿಳಿಯುವ ಬಗೆ ಅದರಲ್ಲಿ ಸಾಕಷ್ಟು ಚರ್ಚೆಗೆ ಬಂದಿಲ್ಲ. ಪ್ರತಿ ಕೆಲಸಕ್ಕೂ ಫೋಟೊ ಮತ್ತು ಆನ್‌ಲೈನ್ ನಮೂದನ್ನು ಕೇಳುವ ವ್ಯವಸ್ಥೆಯಲ್ಲಿ ಮುಖ್ಯಶಿಕ್ಷಕರು ಸಹಶಿಕ್ಷಕರಿಂದ ಪಾಠಕ್ಕಿಂತ ಪುರಾವೆಯನ್ನೇ ಮೊದಲು ಕೇಳುವಂತಾಗುತ್ತದೆ. ಹೀಗಾಗಿ ನಂಬಿಕೆಯ ನಾಲ್ಕು ಆಧಾರಗಳನ್ನು ತರಬೇತಿ ಶಿಬಿರದಲ್ಲಿ ಬೋಧಿಸಿ ಮುಗಿಸದೆ, ಮೂರೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಇಬ್ಬರು ಶಿಕ್ಷಕರ ಶಾಲೆಗಳ ಪ್ರಭಾರಿಗಳನ್ನು ಬೋಧನೆಯ ಅವಧಿಯಲ್ಲಿ ಸಭೆಗೆ ಕರೆಯುವುದನ್ನು ಮೊದಲು ನಿಲ್ಲಿಸಬೇಕು.