ಬೀದಿಗೆ ಕಟ್ಟಿದ ಬೆಲೆಯನ್ನು ಕೇಳುವವರು ಯಾರು?

ಆಸ್ತಿ ತೆರಿಗೆಯ ಮಾತು ಬಂದಾಗಲೆಲ್ಲ, ಮನೆಯೊಡೆಯನೇ ತೆರಿಗೆ ಲೆಕ್ಕ ಹಾಕಿ ಕಟ್ಟುವ ಬೆಂಗಳೂರಿನ ಸ್ವಯಂ ಘೋಷಣೆ ಪದ್ಧತಿಯನ್ನು ದೇಶಕ್ಕೇ ಮಾದರಿಯೆಂದು ಹೊಗಳುವುದು ಇಪ್ಪತ್ತೈದು ವರ್ಷಗಳಿಂದ ನಡೆದುಬಂದಿದೆ. ಹೀಗೆ ಹೊಗಳುವವರೇ ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಕಂದಾಯ ಏರಿದಾಗ ಏಳುವ ಕೂಗನ್ನು ಬರೀ ರಾಜಕೀಯವೆಂದು ತಳ್ಳಿಹಾಕುತ್ತಾರೆ. ಈ ಎರಡು ತೀರ್ಪುಗಳಲ್ಲಿ ಮೊದಲನೆಯದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಎರಡನೆಯದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮನೆಯೊಡೆಯನೊಬ್ಬ ತನ್ನ ಮನೆಗೆ ಕಟ್ಟಿದ ಬೆಲೆ ತಪ್ಪು ಎಂದು ಕಾರಣಸಹಿತ ಬರೆದುಕೊಡುವ ಆಕ್ಷೇಪಣೆ ಅರ್ಜಿಯನ್ನು ಎರಡೂ ಕಡೆಯವರು ಮರೆತಿದ್ದಾರೆ. ಈ ಇಡೀ ವ್ಯವಸ್ಥೆಯಲ್ಲಿ ಬೆಲೆಬಾಳುವುದು ಅದೊಂದೇ.

ಕೊಯಮತ್ತೂರು, ತಿರುಪ್ಪೂರುಗಳಿರುವ ಕೊಂಗುನಾಡಿನ ಇತ್ತೀಚಿನ ಕಥೆ ಓದುಗರಿಗೆ ಗೊತ್ತಿರುವುದೇ. ತಮಿಳುನಾಡು 2018ರಲ್ಲಿ ತೆರಿಗೆ ಏರಿಸಿತು, 2019ರ ನವೆಂಬರಿನಲ್ಲಿ ಅದನ್ನು ತಡೆಹಿಡಿಯಿತು. 2022ರ ಏಪ್ರಿಲ್‌ನಿಂದ ಮತ್ತೆ ಏರಿಸಿತು. ಚೆನ್ನೈ ಬಿಟ್ಟು ಉಳಿದ ನಗರಪಾಲಿಕೆಗಳಲ್ಲಿ 600 ಚದರಡಿವರೆಗಿನ ಮನೆಗೆ ಶೇ. 25, 1200ರವರೆಗೆ ಶೇ. 50, 1800ರವರೆಗೆ ಶೇ. 75, ಅದಕ್ಕೂ ದೊಡ್ಡದಕ್ಕೆ ಶೇ. 100. ಆಮೇಲೆ ವರ್ಷಕ್ಕೆ ಶೇ. 6ರ ಏರಿಕೆ ಬಂತು. ಅದರ ಬೆನ್ನಿಗೇ ಕೊಯಮತ್ತೂರಿನಲ್ಲಿ ಕಟ್ಟಡಗಳನ್ನು ಡ್ರೋನ್ ಹಾರಿಸಿ ಅಳೆಯುವ ಸಮೀಕ್ಷೆ ಬಂತು, ತಿರುಪ್ಪೂರಿನಲ್ಲಿ ವರ್ತಕರು ಬೀದಿಗಿಳಿದರು. ಈ ಹೋರಾಟಗಳ ಬೇಡಿಕೆಗಳಲ್ಲಿ ಮೇಲೆ ನಿಂತದ್ದು ಶೇಕಡಾವಾರು ಇಳಿಸಿ ಎಂಬುದು. ಕೂಗಿನ ಬಗ್ಗೆ ನನಗೆ ತಕರಾರಿರುವುದು ಇಲ್ಲೇ.

ಶೇಕಡಾವಾರು ಏರಿಕೆ ಹಳೆಯ ತೆರಿಗೆಯ ಮೇಲೆ ಕೂರುತ್ತದೆ. ಕೊಯಮತ್ತೂರಿನಲ್ಲಿ ಅದಕ್ಕೂ ಹಿಂದಿನ ಸಾಮಾನ್ಯ ಪರಿಷ್ಕರಣೆ ಆದದ್ದು 2008ರಲ್ಲಿ. ಆಗ ಯಾವುದೋ ಸಣ್ಣ ಓಣಿಯನ್ನು ಮುಖ್ಯರಸ್ತೆಯ ದರ್ಜೆಗೆ ಸೇರಿಸಿ ಬರೆದಿದ್ದರೆ ಆ ತಪ್ಪೂ ಅರ್ಧದಷ್ಟೋ ಮುಕ್ಕಾಲರಷ್ಟೋ ಬೆಳೆಯಿತು. ಪಕ್ಕದಲ್ಲಿ ಕಡಿಮೆ ಬೆಲೆ ಕಟ್ಟಿಸಿಕೊಂಡವನ ಅನುಕೂಲವೂ ಅದೇ ಲೆಕ್ಕದಲ್ಲಿ ಬೆಳೆಯಿತು. ಒಂದೇ ಅಳತೆಯ ಎರಡು ಮನೆಗಳಿಗೆ 2008ರಲ್ಲಿ ಅರ್ಧವರ್ಷಕ್ಕೆ ಒಂದಕ್ಕೆ 800, ಇನ್ನೊಂದಕ್ಕೆ 1200 ರೂಪಾಯಿ ಬಿದ್ದಿತ್ತು ಎನ್ನಿ. ಶೇ. 50 ಸೇರಿದಾಗ 1200 ಮತ್ತು 1800 ಆಗುತ್ತದೆ. 400ರ ಅನ್ಯಾಯ 600ಕ್ಕೆ ಏರಿತು. ಏರಿಕೆಯನ್ನು ಶೇ. 25ಕ್ಕೆ ಇಳಿಸಿದರೂ ಅದು 500ರಲ್ಲಿ ನಿಲ್ಲುತ್ತದೆ. ಇನ್ನು 1200 ಮತ್ತು 1201 ಚದರಡಿಯ ಮನೆಗಳ ನಡುವೆ ಒಂದಡಿಗಾಗಿ ಶೇ. 50 ಮತ್ತು 75ರ ಗೋಡೆ ಎದ್ದದ್ದು ಬೇರೆ. ಬೀದಿಗಿಳಿದವರು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಮೂಲ ಬೆಲೆಯನ್ನು ಯಾವ ಆಧಾರದ ಮೇಲೆ ಕಟ್ಟಿದಿರಿ ಎಂಬುದು.

ಮನೆಯ ತೆರಿಗೆ ಬೆಲೆಯಲ್ಲಿ ಬಗೆಬಗೆಯ ಸಂಗತಿಗಳು ಬೆರೆತಿವೆ, ಅವೆಲ್ಲ ಒಂದೇ ತೂಕದವಲ್ಲ. ವಿಸ್ತೀರ್ಣವನ್ನು ಟೇಪು ಹಿಡಿದು ಯಾರು ಬೇಕಾದರೂ ಅಳೆಯಬಹುದು. ಡ್ರೋನ್ ಮೇಲಿನಿಂದ ಕಂಡ ಶೀಟಿನ ಚಪ್ಪರವನ್ನೂ ಮನೆಯೆಂದು ಎಣಿಸಿದ್ದರೆ ನಕ್ಷೆ, ಫೋಟೊ ಇಟ್ಟು ಒಂದೇ ಭೇಟಿಯಲ್ಲಿ ತೋರಿಸಿಕೊಡಬಹುದು. ಆದ್ದರಿಂದ ಡ್ರೋನಿನ ಬಗ್ಗೆ ಎದ್ದ ಭಯ ನನಗೆ ಅತಿಯೆನಿಸುತ್ತದೆ. ಬಳಕೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಸೋಮನೂರು, ಪಲ್ಲಡಂ ಕಡೆ ಮನೆಗೆ ಅಂಟಿದಂತೆಯೇ ವಿದ್ಯುತ್ ಮಗ್ಗವಿರುತ್ತದೆ, ತಿರುಪ್ಪೂರಿನ ಓಣಿಗಳಲ್ಲಿ ಮುಂದಿನ ಕೋಣೆಯಲ್ಲೇ ಬನಿಯನ್ ಹೊಲಿಯುತ್ತಾರೆ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಮಗ್ಗದ ಸದ್ದಿನ ಜೊತೆ ಕನ್ನಡವೂ ಕೇಳುತ್ತದೆ. ಇಂಥ ಮನೆಯಲ್ಲಿ ಎಷ್ಟು ಅಡಿ ವಾಸಕ್ಕೆ, ಎಷ್ಟು ಅಡಿ ಕಸುಬಿಗೆ ಎಂದು ಗೆರೆ ಎಳೆಯುವವನ ಕೈಯಲ್ಲೇ ತೆರಿಗೆ ಇರುತ್ತದೆ. ಆದರೂ ಒಳಗೆ ಬಂದು ನೋಡಿದರೆ ಅದೂ ತೀರುವ ಜಗಳ. ತೀರದೆ ಉಳಿಯುವುದು ಬೀದಿಯ ದರ್ಜೆ. ಅದನ್ನು ಕಚೇರಿಯಲ್ಲಿ ಕೂತು ನಿಗದಿ ಮಾಡುತ್ತಾರೆ, ಅದರ ಕಾರಣ ನೋಟಿಸಿನಲ್ಲಿ ಇರುವುದಿಲ್ಲ, ಒಬ್ಬೊಬ್ಬರೇ ಅಳೆದು ತೋರಿಸಲು ಅಲ್ಲಿ ಏನೂ ಸಿಗುವುದಿಲ್ಲ.

ಇಲ್ಲಿಯೇ ಆಕ್ಷೇಪಣೆ ಅರ್ಜಿಯ ಬೆಲೆ ತಿಳಿಯುತ್ತದೆ. ಆಯುಕ್ತರಿಗೆ ಅರ್ಜಿ, ಆಮೇಲೆ ತೆರಿಗೆ ಮೇಲ್ಮನವಿ, ಅದೂ ಸಾಲದಿದ್ದರೆ ನ್ಯಾಯಾಲಯ ಎಂಬ ಹಾದಿ ತಮಿಳುನಾಡಿನ ಪೌರ ಕಾನೂನುಗಳಲ್ಲಿ ಬಹುಕಾಲದಿಂದ ಇದೆ. ಕೇಳಿದ ತೆರಿಗೆಯನ್ನು ಮೊದಲು ಕಟ್ಟಿದ ಮೇಲೆಯೇ ಮೇಲ್ಮನವಿಯನ್ನು ಆಲಿಸುವ ಷರತ್ತು ಬಡವರಿಗೆ ಕ್ರೂರವಾದದ್ದು, ಅದನ್ನು ತೆಗೆಯಲೇಬೇಕು. ಹಾಗಿದ್ದರೂ ಈ ಹಾದಿಯಲ್ಲಿ ಬೆಲೆ ಕಟ್ಟಿದ್ದು ಪಾಲಿಕೆ, ಪ್ರಶ್ನಿಸುವವನು ಮನೆಯೊಡೆಯ. ಅಧಿಕಾರಿ ಉತ್ತರ ಕೊಡಬೇಕು. ನಮ್ಮ ಬೀದಿಗೆ ಬಸ್ಸಿಲ್ಲ, ಪಕ್ಕದ ಬೀದಿಗಿದೆ, ಆದರೂ ಎರಡೂ ಒಂದೇ ದರ್ಜೆ ಏಕೆ ಎಂದು ಬರೆದ ಅರ್ಜಿಗೆ ‘ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲು ಉತ್ತರವಾಗಲಾರದು.

ಬೆಂಗಳೂರು ಈ ಸಂಬಂಧವನ್ನೇ ತಿರುಗಿಸಿಬಿಟ್ಟಿತು. 2000ದಲ್ಲಿ ಸ್ವಯಂ ಘೋಷಣೆ ಬಂದಾಗ ಬಿಲ್ ಕಲೆಕ್ಟರನ ಮರ್ಜಿ ತಪ್ಪಿತು ಎಂಬುದು ನಿಜ, ಆ ಶ್ರೇಯಸ್ಸನ್ನು ಕಸಿಯಲಾರೆ. 2008-09ರಿಂದ ವಲಯವಾರು ದರದ ಪದ್ಧತಿ ಜಾರಿಗೆ ಬಂತು. ಮಾರ್ಗಸೂಚಿ ದರ ನೋಡಿ ಬೀದಿಗಳನ್ನು ಎ ಇಂದ ಎಫ್‌ವರೆಗೆ ವಿಂಗಡಿಸಿದರು. ಮಾಲೀಕನೇ ವಾಸವಿರುವ ಆರ್‌ಸಿಸಿ ಮನೆಗೆ ಆಗ ಚದರಡಿಗೆ ತಿಂಗಳಿಗೆ ಸಿ ವಲಯದಲ್ಲಿ 1.80, ಡಿ ವಲಯದಲ್ಲಿ 1.60 ರೂಪಾಯಿ. ಹತ್ತು ತಿಂಗಳ ಲೆಕ್ಕ, ಅದರ ಶೇ. 20 ತೆರಿಗೆ, ತೆರಿಗೆಯ ಮೇಲೆ ಶೇ. 24 ಉಪಕರ. ಸವಕಳಿ ಬಿಟ್ಟು 1000 ಚದರಡಿಗೆ ಲೆಕ್ಕ ಹಾಕಿದರೆ ಡಿ ವಲಯದಲ್ಲಿ 3968, ಸಿ ವಲಯದಲ್ಲಿ 4464 ರೂಪಾಯಿ. ವರ್ಷಕ್ಕೆ 496ರ ವ್ಯತ್ಯಾಸ.

2016ರಲ್ಲಿ ದರದ ಜೊತೆ ವಲಯಗಳೂ ಬದಲಾದವು. ಅನೇಕರು ಹಳೆಯ ವಲಯವನ್ನೇ ಹಾಕಿ ಕಟ್ಟುತ್ತ ಬಂದರು, ಪಾಲಿಕೆಯ ಗಣಕ ವ್ಯವಸ್ಥೆಯೂ ಅದನ್ನು ಸ್ವೀಕರಿಸಿ ರಸೀದಿ ಕೊಡುತ್ತ ಬಂತು. ಕೆಲವು ವರ್ಷಗಳ ಮೇಲೆ ಸುಮಾರು 78 ಸಾವಿರ ಮನೆಯವರಿಗೆ ನೋಟಿಸು ಹೋಯಿತು: ವಲಯ ತಪ್ಪಾಗಿ ಘೋಷಿಸಿದ್ದೀರಿ, ವ್ಯತ್ಯಾಸ ಕಟ್ಟಿ, ಅದರ ಎರಡು ಪಟ್ಟು ದಂಡ ಕಟ್ಟಿ, ತಿಂಗಳಿಗೆ ಶೇ. 2ರ ಬಡ್ಡಿಯನ್ನೂ ಕಟ್ಟಿ. ಈ ನೋಟಿಸನ್ನು ಸಾವಕಾಶವಾಗಿ ಓದಬೇಕು. ಬೀದಿಯನ್ನು ವಲಯಕ್ಕೆ ಸೇರಿಸಿದ್ದು ಪಾಲಿಕೆ. ಆ ಸೇರ್ಪಡೆ ಸರಿಯೇ ಎಂಬ ಚರ್ಚೆಗೆ ನೋಟಿಸಿನಲ್ಲಿ ಜಾಗವೇ ಇಲ್ಲ. ಬೆಲೆ ಕಟ್ಟಿದವನ ನಿರ್ಧಾರ ಪ್ರಶ್ನಾತೀತವಾಯಿತು, ತುಂಬಿದವನ ಸಹಿ ಅಪರಾಧದ ಪುರಾವೆಯಾಯಿತು. ಕೊಯಮತ್ತೂರಿನ ಮನೆಯೊಡೆಯ ‘ನೀವು ತಪ್ಪು ಮಾಡಿದ್ದೀರಿ’ ಎಂದು ಅರ್ಜಿ ಬರೆಯಬಹುದು. ಬೆಂಗಳೂರಿನವನು ‘ನಾನು ತಪ್ಪು ಮಾಡಲಿಲ್ಲ’ ಎಂದು ಬೇಡಿಕೊಳ್ಳಬೇಕು. ಕೂಗೆದ್ದ ಮೇಲೆ ದಂಡ, ಬಡ್ಡಿ ಬಿಟ್ಟರು. ಪ್ರಶ್ನಿಸುವ ಹಕ್ಕಿನ ಜಾಗದಲ್ಲಿ ಹೀಗೆ ಮನ್ನಾ ಬಂದು ಕೂತಿತು. 2024ರ ಒಂದೇ ಬಾರಿಯ ಇತ್ಯರ್ಥ ಯೋಜನೆಯ ದಾರಿಯೂ ಅದೇ.

ಪದ್ಧತಿಯನ್ನು ಸಂಗ್ರಹದ ಮೊತ್ತದಿಂದ ಅಳೆಯುವ ನಗರಾಡಳಿತ ಪಂಡಿತರೊಂದಿಗೆ ನನ್ನ ಜಗಳ ಇದೇ. ಖಜಾನೆ ತುಂಬಿದ್ದು ಬೆಲೆ ಸರಿಯಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಇನ್ನು ಕೆಲವರು 500 ರೂಪಾಯಿಗೆ ಇಷ್ಟು ತಕರಾರೇ ಎನ್ನುತ್ತಾರೆ. ಪಿಂಚಣಿಯಲ್ಲಿ ಬದುಕುವ ವಿಧವೆಗೆ ಅದು ತಿಂಗಳ ಔಷಧಿ. ಮಾರ್ಗಸೂಚಿ ದರಕ್ಕೇ ತೆರಿಗೆಯನ್ನು ಗಂಟು ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ 2024ರ ಬೆಂಗಳೂರಿನ ಇಂಥದೇ ತೆರಿಗೆ ಕರಡು ಆದರ್ಶವಾಗಿ ಕಂಡಿತ್ತು. ಮಾರ್ಗಸೂಚಿ ದರ ಇರುವುದು ಮಾರಾಟದ ಮುದ್ರಾಂಕ ಶುಲ್ಕಕ್ಕೆ. ಮಾರುವ ಯೋಚನೆಯೇ ಇಲ್ಲದೆ ಅಜ್ಜನ ಹೆಂಚಿನ ಮನೆಯಲ್ಲಿ ಇರುವವರಿಗೆ ಪಕ್ಕದ ಸೈಟು ಎಷ್ಟಕ್ಕೆ ಹೋಯಿತೆಂಬುದನ್ನು ಅಳತೆಗೋಲು ಮಾಡುವುದಾದರೆ, ಮೊದಲು ಆ ದರವನ್ನೇ ಪ್ರಶ್ನಿಸುವ ಬಾಗಿಲು ತೆರೆಯಬೇಕು. ಈ ಪಂಡಿತರು ನ್ಯಾಯಾಲಯಗಳ ಚರಿತ್ರೆಯನ್ನೂ ಮರೆತಿದ್ದಾರೆ. ಪಾಲಿಕೆ ಕಟ್ಟುವ ಬಾಡಿಗೆ ಬೆಲೆ ಬಾಡಿಗೆ ನಿಯಂತ್ರಣ ಕಾಯ್ದೆಯ ನ್ಯಾಯಬಾಡಿಗೆಯನ್ನು ಮೀರಬಾರದು ಎಂಬ ತತ್ವ 1962ರ ಕಲ್ಕತ್ತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು, 1971ರಲ್ಲಿ ಗುಂಟೂರಿನ, 1980ರಲ್ಲಿ ದೆಹಲಿಯ ಪ್ರಕರಣಗಳಲ್ಲಿ ಗಟ್ಟಿಯಾಯಿತು. ಆ ತತ್ವವನ್ನೇ ಮರುಪರಿಶೀಲಿಸಬೇಕೇನೋ ಎಂಬ ಮಾತು ಬಂದದ್ದು 1994ರಲ್ಲಿ, ನಮ್ಮ ಬೆಳಗಾವಿ ಪಾಲಿಕೆಯ ಪ್ರಕರಣದಲ್ಲಿ. ಒಪ್ಪಿ ಬಿಡಿ, ಈ ಚರ್ಚೆಯೆಲ್ಲ ಹುಟ್ಟಿದ್ದು ತಮಗೆ ಕಟ್ಟಿದ ಬೆಲೆಯನ್ನು ಒಪ್ಪದವರಿಂದ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿದೆ. ವಲಯಗಳನ್ನು ಮತ್ತೆ ಬರೆಯುವ ದಿನ ಬಂದರೆ ಪ್ರತಿ ಬೀದಿಯ ಕರಡು ದರ್ಜೆಯನ್ನು ಅದರ ಕಾರಣದೊಂದಿಗೆ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ, ಬೀದಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಡಲು ಅವಕಾಶವಿರಲಿ, ಪಾಲಿಕೆ ಬರೆದುಕೊಡುವ ಉತ್ತರ ಕೈಸೇರುವ ತನಕ ಹಳೆಯ ದರದಲ್ಲೇ ಕಟ್ಟಿಸಿಕೊಳ್ಳಲಿ. ಕೊಯಮತ್ತೂರು, ತಿರುಪ್ಪೂರುಗಳ ಸಂಘಗಳಿಗೂ ನನ್ನ ಬೇಡಿಕೆ ಇದೇ: ಮುಂದಿನ ಹೋರಾಟದ ಮನವಿಯಲ್ಲಿ ಶೇಕಡಾವಾರಿನ ಸಾಲಿಗೂ ಮೇಲೆ, 2008ರ ಬೀದಿ ದರ್ಜೆಗಳ ಪಟ್ಟಿಯನ್ನು ಕಾರಣಸಹಿತ ಪ್ರಕಟಿಸಿ ಎಂದು ಬರೆಯಿರಿ.