‘ಬೆಕ್ಕಿನ ಏಡ್ಸ್’ ಎಂಬ ವ್ಯಪದೇಶದ ವಿಮರ್ಶೆ

1987ನೆಯ ಇಸವಿ ಫೆಬ್ರವರಿಯಲ್ಲಿ ನೀಲ್ಸ್ ಪೆಡರ್ಸನ್ನರೂ ಅವರ ಸಹೋದ್ಯೋಗಿಗಳೂ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಪಶುವೈದ್ಯದಲ್ಲಿ ಹೊಸದೊಂದು ಪ್ರಕರಣಕ್ಕೆ ಮೊದಲಾಯಿತು. ಕ್ಯಾಲಿಫೋರ್ನಿಯದ ಪೆಟಲೂಮದಲ್ಲಿ ಒಂದೆಡೆ ಸಾಕಿದ್ದ ಬೆಕ್ಕುಗಳ ಪೈಕಿ ಸ್ವಸ್ಥವಾದ 18ರಲ್ಲಿ 1ಕ್ಕೂ, ಅಸ್ವಸ್ಥವಾದ 25ರಲ್ಲಿ 10ಕ್ಕೂ ಸೋಂಕಿನ ಕುರುಹು ರಕ್ತಪರೀಕ್ಷೆಯಿಂದ ತಿಳಿದುಬಂದಿತು. ಟಿ-ಕೋಶಗಳಲ್ಲಿ ಆಸಕ್ತವಾದುದೆಂಬ ಅರ್ಥ ಬರುವಂತೆ ಆ ವೈರಸ್ಸಿಗೆ ಅವರು ತಾತ್ಕಾಲಿಕವಾಗಿ ಹೆಸರಿಟ್ಟರು. ‘ತಾತ್ಕಾಲಿಕ’ವೆಂಬ ಈ ಎಚ್ಚರವು ಶ್ಲಾಘ್ಯವಾದುದು, ‘ಬೆಕ್ಕಿನ ಏಡ್ಸ್’ ಎಂದು ಬಳಿಕ ರೂಢಿಗೆ ತಂದವರಲ್ಲಿ ಅದು ಕಾಣದು.

ಮೊದಲ ಹೆಸರನ್ನೇ ಲಕ್ಷಣವೆಂದೆಣಿಸಿದರೆ ಅವ್ಯಾಪ್ತಿದೋಷವು ತಪ್ಪದು. ಬಿ-ಕೋಶಗಳನ್ನೂ ಮ್ಯಾಕ್ರೊಫೇಜುಗಳನ್ನೂ ಈ ವೈರಸ್ಸು ಹೊಗುವುದಷ್ಟೆ. ಎರಡನೆಯದಾದರೋ ಉಪಮೆ. ಸಾಧರ್ಮ್ಯವಿಲ್ಲವೆಂದಲ್ಲ: ಮನುಷ್ಯರಲ್ಲಿರುವಂತೆ ಬೆಕ್ಕಿನಲ್ಲಿಯೂ ಸಿಡಿ4 ಕೋಶಗಳು ಕ್ರಮೇಣ ಕ್ಷೀಣಿಸುವುವು, ಸಿಡಿ8 ಕೋಶಗಳು ಆರಂಭದಲ್ಲಿಯೇ ವೃದ್ಧಿಹೊಂದಿ ವೈರಸ್ಸಿನ ಬೆಳವಣಿಗೆಯನ್ನು ಅಡಗಿಸಲೆಳಸುವುವು. ಆದರೆ ಪ್ರವೇಶದ್ವಾರವು ಬೇರೆ. ಮನುಷ್ಯರ ವೈರಸ್ಸು ಸಿಡಿ4 ಅಣುವನ್ನೇ ಹಿಡಿಯುವುದು. ಬೆಕ್ಕಿನದು ಹಿಡಿಯುವುದು ಸಿಡಿ134 ಎಂಬುದನ್ನೆಂದು 2004ರಲ್ಲಿ ಗೊತ್ತಾಯಿತು. ಸಿಡಿ134 ವಿಶೇಷವಾಗಿ ತೋರುವುದು ಉದ್ದೀಪ್ತವಾದ ಸಿಡಿ4 ಕೋಶಗಳ ಮೇಲೆ. ಎಂದರೆ, ಎದುರಿಸಲೆಂದು ಎಚ್ಚೆತ್ತ ಕೋಶವೇ ಬಾಗಿಲನ್ನು ತೆರೆದಿಡುವುದು. ಇನ್ನೂ ಒಂದು ವಿಶೇಷವುಂಟು. ಪ್ರತಿರೋಧವು ಮಿತಿಮೀರದಂತೆ ತಡೆಯುವ ನಿಯಾಮಕ ಟಿ-ಕೋಶಗಳು ಈ ಸೋಂಕಿನಲ್ಲಿ ಅತಿಯಾಗಿ ಉದ್ದೀಪ್ತವಾಗಿ, ಸಿಡಿ8 ಕೋಶಗಳ ಕೆಲಸಕ್ಕೇ ಅಡ್ಡಬರುವುವು. ಸಾಮ್ಯಮಾತ್ರವನ್ನು ಕೂಗುವ ಹೆಸರು ಇವೆಲ್ಲವನ್ನೂ ಮರೆಮಾಡುವುದು.

ಹೆಸರಿಗಾಗಿ ಇಷ್ಟು ಚರ್ಚೆಯೇಕೆಂದರೆ, ಅದರಿಂದ ಪ್ರಾಣಹಾನಿಯಾಗುವುದರಿಂದ. ಸೋಂಕು ತಗುಲಿಯೂ ಅನೇಕ ಬೆಕ್ಕುಗಳು ರೋಗವಿಲ್ಲದೆ ವರ್ಷಗಟ್ಟಲೆ ಬಾಳುವುವು. ಸೋಂಕೊಂದನ್ನೇ ನೋಡಿ ಕೊಲ್ಲತಕ್ಕದ್ದಲ್ಲವೆಂದು ಅಮೆರಿಕದ ಬೆಕ್ಕುವೈದ್ಯರ ಸಂಘವು 2020ರ ಸೂಚನೆಗಳಲ್ಲಿ ಹೇಳಿದೆ. ಮೇಲಾಗಿ, ರೂಢಿಯಲ್ಲಿರುವ ಪರೀಕ್ಷೆಯು ತೋರಿಸುವುದು ವೈರಸ್ಸನ್ನಲ್ಲ, ಪ್ರತಿಕಾಯವನ್ನು. ಹೊಗೆಯಿಂದ ಬೆಂಕಿಯನ್ನೂಹಿಸಿದಂತೆ ಪ್ರತಿಕಾಯದಿಂದ ಸೋಂಕನ್ನೂಹಿಸುವಲ್ಲಿ ಹೇತುವು ಸವ್ಯಭಿಚಾರವಾಗುವುದುಂಟು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಮುಂದೆ ಅಲ್ಲಿ ಮಾರಾಟ ನಿಂತುಹೋದ ಲಸಿಕೆಯನ್ನು ಹಾಕಿಸಿಕೊಂಡ ಬೆಕ್ಕುಗಳಲ್ಲಿಯೂ ಪ್ರತಿಕಾಯವಿತ್ತು. ತಾಯಿಯ ಹಾಲಿನೊಡನೆ ಅದನ್ನು ಪಡೆದ ಮರಿಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ಕರಗುವುದು. ಅಷ್ಟು ಕಾಯದೆ ಮರಿಗೆ ‘ಏಡ್ಸ್’ ಎಂದು ಪಟ್ಟಕಟ್ಟುವವರು ಹೇತುವನ್ನೂ ಪರೀಕ್ಷಿಸಿಲ್ಲ, ಮರಿಯನ್ನೂ ಪರೀಕ್ಷಿಸಿಲ್ಲ.