ಕ್ರಿಯಾಗುಂಪೆಂಬ ಗುರುತು

ಇಂಗಾಲದ ಸಂಯುಕ್ತಗಳು ಕೋಟಿಗಟ್ಟಲೆ. ಒಂದೊಂದನ್ನೂ ಬಾಯಿಪಾಠ ಮಾಡಲು ಹೊರಟರೆ ಜನ್ಮ ಸಾಲದು. ಆದರೂ ರಸಾಯನಶಾಸ್ತ್ರಜ್ಞರು ಹೊಸ ಅಣುವಿನ ರಚನೆ ನೋಡಿದ ಕೂಡಲೇ ಅದರ ನಡತೆಯನ್ನು ಬಹುಮಟ್ಟಿಗೆ ಊಹಿಸಬಲ್ಲರು. ಇಂಗಾಲದ ಉದ್ದನೆಯ ಸರಪಳಿಗೆ ಅಂಟಿಕೊಂಡು ಅಣುವಿನ ನಡತೆಯನ್ನು ನಿರ್ಧರಿಸುವ ಪುಟ್ಟ ಪರಮಾಣು ಗುಂಪನ್ನು, ಅಂದರೆ ಕ್ರಿಯಾಗುಂಪನ್ನು, ಗುರುತಿಸಿದರೆ ಅವರಿಗೆ ಅಷ್ಟು ಸಾಕು. ಎಂಥ ಸೊಗಸಾದ ವಿಂಗಡಣೆ!

ಚಗಳಿ ಇರುವೆಯ ಫಾರ್ಮಿಕ್ ಆಮ್ಲ, ವಿನೆಗರಿನ ಅಸಿಟಿಕ್ ಆಮ್ಲ, ಕಮಟು ಬೆಣ್ಣೆಯ ಬ್ಯುಟಿರಿಕ್ ಆಮ್ಲ, ಮೂರರಲ್ಲೂ ಇರುವುದು ಅದೇ ಕಾರ್ಬಾಕ್ಸಿಲ್ ಗುಂಪು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲದಲ್ಲಂತೂ ಅಂಥವು ಎರಡು. ಹುಣಸೆ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬುಸುಬುಸು ನೊರೆ ಏಳುವುದು ಆ ಗುಂಪಿನಿಂದಲೇ.

ಗುಂಪುಗಳ ಮೂಲಕ ಅಣುವನ್ನು ಅರಿಯುವ ಈ ನೋಟಕ್ಕೆ ನೆಲೆ ಕೊಟ್ಟವರಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಮುಖ್ಯರು. 1832ರಲ್ಲಿ ಅವರು ಕಹಿಬಾದಾಮಿ ಎಣ್ಣೆಯನ್ನು ಆಮ್ಲವಾಗಿ, ಕ್ಲೋರೈಡಾಗಿ, ಅಮೈಡಾಗಿ ಮಾರ್ಪಡಿಸುತ್ತ ಹೋದರು. ಪ್ರತಿ ಸಲವೂ ಪರಮಾಣುಗಳ ಒಂದು ಗುಂಪು ಮುಕ್ಕಾಗದೆ ಉಳಿಯಿತು. ಅದಕ್ಕೆ ಬೆಂಜಾಯಿಲ್ ಎಂದು ಹೆಸರಿಟ್ಟರು.

ಗುಂಪನ್ನು ಗುರುತಿಸುವ ಪರೀಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆಲ್ಡಿಹೈಡ್ ಗುಂಪನ್ನು ಪತ್ತೆಹಚ್ಚುವ ಟಾಲೆನ್ಸ್ ಪರೀಕ್ಷೆ. ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಗ್ಲೂಕೋಸ್ ಹಾಕಿ, ಪ್ರನಾಳವನ್ನು ಬಿಸಿನೀರಿನಲ್ಲಿಟ್ಟರೆ ಗಾಜಿನ ಒಳಮೈಗೆ ಬೆಳ್ಳಿ ಕೂತು ಕನ್ನಡಿಯಾಗುತ್ತದೆ. ಗ್ಲೂಕೋಸಿನ ಆಲ್ಡಿಹೈಡ್ ಗುಂಪು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನು ಕೊಟ್ಟಿರುತ್ತದೆ. ಅಸಿಟೋನ್ ಹಾಕಿದರೆ ಕನ್ನಡಿ ಮೂಡದು. ಅದರಲ್ಲಿರುವುದು ಕೀಟೋನ್ ಗುಂಪು.